ಶಿಕಾಗೋ ತಲುಪಿದ ದಾರಿ: ಸ್ವಾಮಿ ವಿವೇಕಾನಂದರ ಪ್ರಯಾಣದ ಬದುಕು



ಪ್ರತಿ ವರ್ಷ ಜನವರಿ 12ರಂದು ನಮ್ಮ ಮಕ್ಕಳು ಕಾವಿ ಪೇಟ ಸುತ್ತಿಕೊಂಡು, ಕೈಕಟ್ಟಿ ನಿಂತು, ಸ್ವಾಮಿ ವಿವೇಕಾನಂದರ ಶಿಕಾಗೋ ಭಾಷಣದ ಒಂದೆರಡು ಮಾತುಗಳನ್ನು ಒಪ್ಪಿಸುತ್ತಾರೆ. ಚಪ್ಪಾಳೆ ಬೀಳುತ್ತದೆ, ಫೋಟೋ ತೆಗೆಯುತ್ತೇವೆ. 1893ರ ಸೆಪ್ಟೆಂಬರ್ 11ರ ಆ ಭಾಷಣ ನಮಗೆಲ್ಲ ಗೊತ್ತು. ಆದರೆ ಅದಕ್ಕೆ ಮುಂಚಿನ ದಿನಗಳ ಕಥೆಯನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಸ್ವಾಮೀಜಿ ಅಮೆರಿಕ ಖಂಡದ ನೆಲಕ್ಕೆ ಕಾಲಿಟ್ಟದ್ದು ಜುಲೈ 25ರಂದು. ಅಲ್ಲಿಂದ ಸರ್ವಧರ್ಮ ಸಮ್ಮೇಳನದ ವೇದಿಕೆ ಹತ್ತುವವರೆಗೆ ಲೆಕ್ಕ ಹಾಕಿದರೆ ಸರಿಯಾಗಿ 48 ದಿನ. ನಮ್ಮ ಕಡೆ ವ್ರತ ಹಿಡಿದವರು ಹೇಳುವ ಹಾಗೆ, ಒಂದು ಮಂಡಲ.

ಆ ಒಂದು ಮಂಡಲದಲ್ಲಿ ಅವರು ಪಟ್ಟ ಪಾಡು ನಮಗೆ ಅಪರಿಚಿತವೇನಲ್ಲ. ಡಿಎಫ್‌ಡಬ್ಲ್ಯು ವಿಮಾನ ನಿಲ್ದಾಣದಲ್ಲಿ ಎರಡು ಸೂಟ್‌ಕೇಸ್ ಹಿಡಿದು ಇಳಿದು, ಕಾರಿಲ್ಲದೆ, ಲೈಸೆನ್ಸ್ ಇಲ್ಲದೆ, ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಎಂದು ಕಾದವರು ನಮ್ಮಲ್ಲಿ ಬಹಳ ಜನ. ಫ್ಲವರ್ ಮೌಂಡಿನಂಥ ಊರಿನಲ್ಲಿ ಕಾರಿಲ್ಲದವನಿಗೆ ಹಾಲು ತರುವುದೂ ಒಂದು ಪ್ರಯಾಣವೇ! ಈ ಕಣ್ಣಿನಿಂದ ಸ್ವಾಮೀಜಿಯವರ ಬದುಕನ್ನು ಮತ್ತೊಮ್ಮೆ ನೋಡೋಣ ಎಂದು ಈ ಲೇಖನ.

ಸಾರೋಟಿನ ಆಸೆ

1863ರ ಜನವರಿ 12ರಂದು ಕಲ್ಕತ್ತೆಯಲ್ಲಿ ಹುಟ್ಟಿದ ನರೇಂದ್ರನಾಥ ದತ್ತನ ತಂದೆ ವಿಶ್ವನಾಥ ದತ್ತರು ಹೆಸರಾಂತ ವಕೀಲರು. ತಾಯಿ ಭುವನೇಶ್ವರಿ ದೇವಿ. ಮನೆಯಲ್ಲಿ ಸ್ವಂತ ಸಾರೋಟು ಇತ್ತು. ಪುಟ್ಟ ನರೇಂದ್ರನಿಗೆ ಆ ಸಾರೋಟು ಓಡಿಸುವವನೇ ದೊಡ್ಡ ಹೀರೋ. ದೊಡ್ಡವನಾದ ಮೇಲೆ ಏನಾಗುತ್ತೀಯ ಎಂದು ಕೇಳಿದರೆ ಸಾರೋಟು ಓಡಿಸುವವನಾಗುತ್ತೇನೆ ಎನ್ನುತ್ತಿದ್ದನಂತೆ. ಕುದುರೆಗಳ ಲಗಾಮು ಹಿಡಿದು, ಪೇಟ ಧರಿಸಿ, ಎತ್ತರದ ಸೀಟಿನಲ್ಲಿ ಕುಳಿತವನ ಠೀವಿ ಆ ಮಗುವಿಗೆ ಅಷ್ಟು ಹಿಡಿಸಿತ್ತು.

1877ರಲ್ಲಿ ತಂದೆಗೆ ಕೆಲಸದ ಮೇಲೆ ಮಧ್ಯಭಾರತದ ರಾಯಪುರಕ್ಕೆ ಹೋಗಬೇಕಾಯಿತು. ಆಗ ರಾಯಪುರಕ್ಕೆ ರೈಲು ಇರಲಿಲ್ಲ. ರೈಲು ಮುಗಿದ ಕಡೆಯಿಂದ ಹಲವು ದಿನ ಕಾಡಿನ ನಡುವೆ ಎತ್ತಿನ ಗಾಡಿಯಲ್ಲೇ ಪ್ರಯಾಣ. ವಿಂಧ್ಯದ ಬೆಟ್ಟಗಳ ನಡುವೆ, ಬಂಡೆಯ ಬಿರುಕಿನಲ್ಲಿ ಜೇನುಹುಳುಗಳು ತಲೆತಲಾಂತರದಿಂದ ಕಟ್ಟಿದ್ದ ದೊಡ್ಡ ಜೇನುಗೂಡನ್ನು ಗಾಡಿಯಲ್ಲಿ ಕುಳಿತೇ ನೋಡಿ ಹುಡುಗ ಮೈಮರೆತನೆಂದು ಜೀವನಚರಿತ್ರೆಗಳು ಹೇಳುತ್ತವೆ. ಗಾಡಿ ಬಹಳ ದೂರ ಸಾಗಿದ ಮೇಲೆಯೇ ಅವನಿಗೆ ಮತ್ತೆ ಎಚ್ಚರ. ನಿಧಾನವಾದ ಗಾಡಿಯೂ ಕೆಲವೊಮ್ಮೆ ದೊಡ್ಡದನ್ನು ಕೊಡುತ್ತದೆ.

1884ರಲ್ಲಿ ತಂದೆ ತೀರಿಕೊಂಡರು. ಸಾರೋಟು ಇದ್ದ ಮನೆಯಲ್ಲಿ ಊಟಕ್ಕೂ ಕಷ್ಟವಾಯಿತು. ಪದವೀಧರ ನರೇಂದ್ರ ಕೆಲಸ ಹುಡುಕುತ್ತ ಬರಿಗಾಲಿನಲ್ಲಿ ಕಲ್ಕತ್ತೆಯ ಬೀದಿಗಳನ್ನು ಅಲೆದ. ಇದೇ ಕಾಲದಲ್ಲಿ ದಕ್ಷಿಣೇಶ್ವರದ ಶ್ರೀ ರಾಮಕೃಷ್ಣ ಪರಮಹಂಸರ ಸಂಗ ಗಟ್ಟಿಯಾಯಿತು. 1886ರ ಆಗಸ್ಟ್ 16ರಂದು ಗುರುಗಳು ದೇಹ ಬಿಟ್ಟರು. ಬಾರಾನಗರದ ಹಳೆಯ ಮನೆಯೊಂದರಲ್ಲಿ ಶಿಷ್ಯರೆಲ್ಲ ಸೇರಿ ಮಠ ಮಾಡಿಕೊಂಡರು. ಅಲ್ಲಿಂದ ಕೆಲವು ಕಾಲದ ನಂತರ ನರೇಂದ್ರ ದಂಡ ಕಮಂಡಲು ಹಿಡಿದು ಪರಿವ್ರಾಜಕನಾಗಿ ಹೊರಟ.

ಯಾರಾದರೂ ಟಿಕೇಟು ಕೊಡಿಸಿದರೆ ರೈಲು

ಆ ಪರಿವ್ರಾಜಕ ಜೀವನದ ನಿಯಮ ಸರಳ. ಹಣ ಮುಟ್ಟುವಂತಿಲ್ಲ. ಯಾರಾದರೂ ಟಿಕೇಟು ಕೊಡಿಸಿದರೆ ರೈಲು, ಇಲ್ಲದಿದ್ದರೆ ನಡಿಗೆ. ನಾಳೆ ಎಲ್ಲಿ ಎಂಬುದು ಇಂದು ಗೊತ್ತಿಲ್ಲ. ಆದ್ದರಿಂದ ಅವರ ಕಥೆಯಲ್ಲಿ ರೈಲ್ವೆ ಸ್ಟೇಷನ್ನುಗಳು ಮತ್ತೆ ಮತ್ತೆ ಬರುತ್ತವೆ.

1888ರಲ್ಲಿ ಹಾಥರಸ್ ಸ್ಟೇಷನ್ನಿನಲ್ಲಿ ಹಸಿದು ಸುಸ್ತಾಗಿ ಕುಳಿತಿದ್ದ ತರುಣ ಸಂನ್ಯಾಸಿಯನ್ನು ಅಲ್ಲಿನ ರೈಲ್ವೆ ಅಧಿಕಾರಿ ಶರತ್‌ಚಂದ್ರ ಗುಪ್ತ ಎಂಬುವರು ನೋಡಿದರು. ಮನೆಗೆ ಕರೆದೊಯ್ದು ಊಟ ಹಾಕಿದರು. ಕೊನೆಗೆ ಕೆಲಸವನ್ನೇ ಬಿಟ್ಟು ಅವರ ಹಿಂದೆ ಹೊರಟು ಶಿಷ್ಯರಾದರು. ಅವರೇ ಸ್ವಾಮಿ ಸದಾನಂದರು.

ತಾರಿಘಾಟ್ ಸ್ಟೇಷನ್ನಿನ ಪ್ರಸಂಗ ಇನ್ನೂ ಪ್ರಸಿದ್ಧ. ಸುಡುವ ಬೇಸಿಗೆಯ ಮಧ್ಯಾಹ್ನ. ಸ್ವಾಮೀಜಿಯವರ ಬಳಿ ಟಿಕೇಟು ಬಿಟ್ಟರೆ ಕಾಸಿಲ್ಲ, ಕುಡಿಯಲು ನೀರೂ ಇಲ್ಲ. ಜೊತೆಯಲ್ಲಿ ಬಂದಿದ್ದ ವ್ಯಾಪಾರಿಯೊಬ್ಬ ನೆರಳಿನಲ್ಲಿ ಕುಳಿತು ಪೂರಿ ಲಡ್ಡು ತಿನ್ನುತ್ತ, ದುಡಿಯದವರಿಗೆ ಇದೇ ಗತಿ ಎಂದು ಹಂಗಿಸುತ್ತಿದ್ದ. ಅಷ್ಟರಲ್ಲಿ ಮಿಠಾಯಿ ಅಂಗಡಿಯವನೊಬ್ಬ ತಿಂಡಿಯ ಗಂಟು, ತಣ್ಣೀರು, ಚಾಪೆ ಹಿಡಿದು ಓಡಿಬಂದು ಸ್ವಾಮೀಜಿಯವರಿಗೆ ನಮಸ್ಕರಿಸಿದ. ಮಧ್ಯಾಹ್ನ ಮಲಗಿದ್ದಾಗ ಕನಸಿನಲ್ಲಿ ಶ್ರೀರಾಮ ಬಂದು, ನನ್ನ ಭಕ್ತ ಸ್ಟೇಷನ್ನಿನಲ್ಲಿ ಹಸಿದಿದ್ದಾನೆ ಎಂದು ಎಬ್ಬಿಸಿ ಕಳಿಸಿದನೆಂದು ಹೇಳಿದ. ಹಂಗಿಸಿದ ವ್ಯಾಪಾರಿ ಕಾಲಿಗೆ ಬಿದ್ದ.

ಕನ್ನಡ ನಾಡಿನಲ್ಲಿ

1892ರ ಅಕ್ಟೋಬರ್‌ನಲ್ಲಿ ಸ್ವಾಮೀಜಿ ಕೊಲ್ಲಾಪುರದಿಂದ ಬೆಳಗಾವಿಗೆ ಬಂದರು. ಮೊದಲು ಭಾಟೆ ಎಂಬ ವಕೀಲರ ಮನೆಯಲ್ಲಿ, ಅನಂತರ ಅರಣ್ಯ ಇಲಾಖೆಯ ಬಂಗಾಳಿ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಅಮೆರಿಕದಲ್ಲಿ ನಡೆಯಲಿರುವ ಧರ್ಮ ಸಮ್ಮೇಳನದ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಮಿತ್ರರು ಅದಕ್ಕಾಗಿ ಹಣ ಸಂಗ್ರಹಿಸಿಕೊಡುತ್ತೇನೆಂದರೂ ಸ್ವಾಮೀಜಿ ಆಗ ಒಪ್ಪಲಿಲ್ಲ.

ಬೆಂಗಳೂರಿಗೆ ಬಂದಾಗ ಅವರ ಪರಿಚಯವಾದದ್ದು ಮೈಸೂರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರಿಗೆ. ದಿವಾನರು ತಮ್ಮ ಮನೆಯಲ್ಲಿ ಇರಿಸಿಕೊಂಡು, ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ ಬಳಿಗೆ ಕರೆದೊಯ್ದರು. ಮಹಾರಾಜರೂ 1863ರಲ್ಲೇ ಹುಟ್ಟಿದವರು. ಅಂದರೆ ಅರಮನೆಯಲ್ಲಿ ಎದುರುಬದುರು ಕುಳಿತ ಇಬ್ಬರಿಗೂ ಇಪ್ಪತ್ತೊಂಬತ್ತು ವರ್ಷ! ಒಬ್ಬರಿಗೆ ರಾಜ್ಯವಿತ್ತು, ಇನ್ನೊಬ್ಬರಿಗೆ ಬದಲಿಸಲು ಬಟ್ಟೆಯೂ ಹೆಚ್ಚಿರಲಿಲ್ಲ. ಮಹಾರಾಜರಿಗೆ ಸ್ವಾಮೀಜಿಯ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಆಗಿನ ಕಾಲಕ್ಕೆ ಹೊಸದಾಗಿದ್ದ ಫೋನೋಗ್ರಾಫ್ ತರಿಸಿ ಅವರ ಧ್ವನಿ ಮುದ್ರಿಸಿಕೊಂಡರು. ಕಾಲಕ್ರಮದಲ್ಲಿ ಅದು ಅಳಿಸಿಹೋಯಿತು. ಅದು ಉಳಿದಿದ್ದರೆ ಇಂದು ನಮ್ಮೆಲ್ಲರ ಫೋನಿನಲ್ಲೂ ಇರುತ್ತಿತ್ತೋ ಏನೋ.

ಹೊರಡುವ ದಿನ ಮಹಾರಾಜರು ಬೆಲೆಬಾಳುವ ಉಡುಗೊರೆಗಳನ್ನು ಇಟ್ಟರು. ಅಮೆರಿಕಕ್ಕೆ ಹೋಗುವ ಖರ್ಚು ತಾವೇ ಕೊಡುವುದಾಗಿಯೂ ಹೇಳಿದರು. ಸ್ವಾಮೀಜಿ ಲೋಹವಿಲ್ಲದ ಒಂದು ಹುಕ್ಕಾ ಮಾತ್ರ ತೆಗೆದುಕೊಂಡರು. ದಿವಾನರು ನೋಟಿನ ಸುರುಳಿಯನ್ನು ಅವರ ಕೈಗೆ ತುರುಕಲು ನೋಡಿದರೆ ಅದನ್ನೂ ಒಲ್ಲೆನೆಂದು, ಮುಂದಿನ ಊರಿಗೆ ಒಂದು ರೈಲು ಟಿಕೇಟು ಸಾಕೆಂದರು. ಎರಡನೇ ದರ್ಜೆಯ ಟಿಕೇಟು, ಕೊಚ್ಚಿಯ ದಿವಾನರಿಗೆ ಒಂದು ಪರಿಚಯ ಪತ್ರ, ಇಷ್ಟೇ ಅವರು ಮೈಸೂರಿನಿಂದ ಒಯ್ದದ್ದು. ಆಗ ಕೊಚ್ಚಿಯವರೆಗೆ ರೈಲೂ ಇರಲಿಲ್ಲ. ಶೋರನೂರಿನಿಂದ ಕೊಚ್ಚಿಗೆ ರೈಲು ಬಂದದ್ದು 1902ರಲ್ಲಿ. ಶೋರನೂರಿನಲ್ಲಿ ಇಳಿದು ಮತ್ತೆ ಎತ್ತಿನ ಗಾಡಿ. ಹೀಗೆ ಕೇರಳ ದಾಟಿ 1892ರ ಕೊನೆಯಲ್ಲಿ ಕನ್ಯಾಕುಮಾರಿ ತಲುಪಿದರು.

ಚಿಕ್ಕಮಗಳೂರಿನ ಅಳಸಿಂಗ

ಕನ್ಯಾಕುಮಾರಿಯಿಂದ ಮದ್ರಾಸಿಗೆ ಬಂದಾಗ ಅವರನ್ನು ಸುತ್ತುವರಿದ ಯುವಕರಲ್ಲಿ ಮುಖ್ಯನಾದವನು ಅಳಸಿಂಗ ಪೆರುಮಾಳ್. ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಈತ ಹುಟ್ಟಿದ್ದು 1865ರಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲಿ! ಮಂಡಯಂ ಶ್ರೀವೈಷ್ಣವ ಮನೆತನದವರು. ಮದ್ರಾಸಿನ ಪಚ್ಚಯ್ಯಪ್ಪ ಶಾಲೆಯಲ್ಲಿ ಮೇಷ್ಟರು. ಸಂಬಳ ಕಡಿಮೆ, ಸಂಸಾರ ದೊಡ್ಡದು. ಅಂಥವರು ಸ್ವಾಮೀಜಿಯನ್ನು ಅಮೆರಿಕಕ್ಕೆ ಕಳಿಸಲೇಬೇಕೆಂದು ಮನೆಮನೆಗೆ ಹೋಗಿ ಬೇಡಿ ಹಣ ಕೂಡಿಸಿದರು. ರಾಜರ ಹಣಕ್ಕಿಂತ ಜನಸಾಮಾನ್ಯರ ಹಣದಲ್ಲಿ ಹೋಗಬೇಕೆಂಬುದು ಸ್ವಾಮೀಜಿಯವರ ಇಚ್ಛೆಯಾಗಿತ್ತು. ಮೈಸೂರು, ರಾಮನಾಡು, ಹೈದರಾಬಾದುಗಳಿಗೂ ಶಿಷ್ಯರು ಹೋಗಿ ಕೇಳಿಬಂದರು.

ವಿವೇಕಾನಂದ ಎಂಬ ಹೆಸರು ನಿಂತದ್ದು ರಾಜಸ್ಥಾನದ ಖೇತ್ರಿ ಮಹಾರಾಜ ಅಜಿತ್ ಸಿಂಗರ ಆಸ್ಥಾನದಲ್ಲಿ. ಖೇತ್ರಿಯ ಮುನ್ಷಿ ಜಗಮೋಹನಲಾಲರು ಬೊಂಬಾಯಿಗೆ ಬಂದು ರೇಷ್ಮೆಯ ನಿಲುವಂಗಿ, ಪೇಟ ಹೊಲಿಸಿ, ಹಡಗಿನ ಮೊದಲ ದರ್ಜೆಯ ಟಿಕೇಟು ಕೊಡಿಸಿದರು. ಅಳಸಿಂಗರೂ ಮದ್ರಾಸಿನಿಂದ ಬಂದರು. 1893ರ ಮೇ 31ರಂದು 'ಪೆನಿನ್ಸುಲಾರ್' ಹಡಗು ಹೊರಟಿತು.

ಕೊಲಂಬೋ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್, ನಾಗಾಸಾಕಿ. ಕೋಬೆಯಲ್ಲಿ ಹಡಗು ಬಿಟ್ಟು ನೆಲದ ಮಾರ್ಗವಾಗಿ ಜಪಾನ್ ನೋಡುತ್ತ ಯೋಕೋಹಾಮಾ ಸೇರಿದರು. ಈ ಪ್ರಯಾಣದಲ್ಲಿ ಅವರನ್ನು ಬಹಳ ಕಾಡಿದ್ದು ಏನು ಗೊತ್ತೇ? ಲಗೇಜು! ಅಲ್ಲಿಯವರೆಗೆ ಕಮಂಡಲು ಬಿಟ್ಟರೆ ಏನನ್ನೂ ಹೊತ್ತವರಲ್ಲ. ಈಗ ಪೆಟ್ಟಿಗೆ, ಚೀಲ, ಬಟ್ಟೆ ಇವನ್ನೆಲ್ಲ ಕಾಯುವುದೇ ದೊಡ್ಡ ಕೆಲಸವಾಯಿತೆಂದು ಯೋಕೋಹಾಮಾದಿಂದ ಶಿಷ್ಯರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ.

ಜುಲೈ 14ರಂದು ಯೋಕೋಹಾಮಾದಿಂದ 'ಎಂಪ್ರೆಸ್ ಆಫ್ ಇಂಡಿಯಾ' ಹಡಗು. ಆ ಪ್ರಯಾಣದಲ್ಲಿ ಜೊತೆಯಾದವರು ಉದ್ಯಮಿ ಜಮ್ಷೆಡ್‌ಜಿ ಟಾಟಾ. ಪೆಸಿಫಿಕ್ ಸಾಗರದ ಚಳಿಯಲ್ಲಿ ಸ್ವಾಮೀಜಿ ನಡುಗಿಹೋದರು. ಬೇಸಿಗೆಯೆಂದು ಶಿಷ್ಯರು ರೇಷ್ಮೆ ಕೊಟ್ಟು ಕಳಿಸಿದ್ದರೇ ಹೊರತು ಉಣ್ಣೆಯ ಬಟ್ಟೆ ಯಾರಿಗೂ ಹೊಳೆದಿರಲಿಲ್ಲ.

ವ್ಯಾಂಕೂವರ್‌ನಿಂದ ಶಿಕಾಗೋ

ಜುಲೈ 25ರಂದು ವ್ಯಾಂಕೂವರ್‌ನಲ್ಲಿ ಇಳಿದರು. ಕೆನಡಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಕೆನೇಡಿಯನ್ ಪೆಸಿಫಿಕ್ ರೈಲು ಹಾದಿ ಪೂರ್ತಿಯಾಗಿ ಎಂಟೇ ವರ್ಷ ಆಗಿತ್ತು. ರಾಕಿ ಪರ್ವತಗಳನ್ನು ದಾಟಿ, ವಿನ್ನಿಪೆಗ್‌ನಲ್ಲಿ ಗಾಡಿ ಬದಲಿಸಿ, ಸೇಂಟ್ ಪಾಲ್ ಮಾರ್ಗವಾಗಿ ಜುಲೈ 30ರ ರಾತ್ರಿ ಶಿಕಾಗೋ ತಲುಪಿದರು. ಈಗ ವಿಮಾನದಲ್ಲಿ ನಾಲ್ಕು ಗಂಟೆ ಚಿಲ್ಲರೆ. ಅವರಿಗೆ ಐದು ದಿನವಾಯಿತು.

ಆ ವರ್ಷದ ಶಿಕಾಗೋ ಹೇಗಿತ್ತೆಂದು ಸ್ವಲ್ಪ ಊಹಿಸಿಕೊಳ್ಳಿ. ಕೊಲಂಬಸ್ ಬಂದು ನಾನೂರು ವರ್ಷವಾದ ನೆನಪಿಗೆ ಮೇ 1ರಿಂದ ಅಕ್ಟೋಬರ್ 30ರವರೆಗೆ ನಡೆದ ವಿಶ್ವ ಮೇಳಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಭೇಟಿಗಳು ಲೆಕ್ಕವಾದವು. ವಿದ್ಯುದ್ದೀಪಗಳಿಂದ ಬೆಳಗುವ ಬಿಳಿಯ ಕಟ್ಟಡಗಳು, 264 ಅಡಿ ಎತ್ತರದ ಮೊಟ್ಟಮೊದಲ ಫೆರಿಸ್ ಚಕ್ರ. ಊರಿನಲ್ಲಿ ಒಂದಲ್ಲ, ಐದಾರು ದೊಡ್ಡ ರೈಲು ನಿಲ್ದಾಣಗಳು, ಒಂದೊಂದು ಕಂಪನಿಯದು ಒಂದೊಂದು ಕಡೆ. ಬೀದಿಯಲ್ಲಿ ಕುದುರೆ ಗಾಡಿ, ಕೇಬಲ್ ಎಳೆಯುವ ಟ್ರಾಮು, ತಲೆಯ ಮೇಲೆ ಉಗಿಯಿಂದ ಓಡುವ ಎತ್ತರದ ರೈಲು. ಕಾವಿ ಬಟ್ಟೆಯ ಹೊಸಬನನ್ನು ಕಂಡರೆ ಹಮಾಲಿಯಿಂದ ಹಿಡಿದು ಹೋಟೆಲಿನವನವರೆಗೆ ಎಲ್ಲರೂ ಬಾಯಿಗೆ ಬಂದ ದರ ಹೇಳುವವರೇ. ಬೀದಿ ಹುಡುಗರು ವೇಷ ನೋಡಿ ಕೂಗುತ್ತ ಹಿಂದೆ ಬೀಳುತ್ತಿದ್ದರು. ಇವೆಲ್ಲದರ ಜೊತೆಗೆ ಆ ವರ್ಷವೇ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಬ್ಯಾಂಕುಗಳು ಮುಚ್ಚಿದವು, ದೊಡ್ಡ ರೈಲು ಕಂಪನಿಗಳೇ ದಿವಾಳಿಯಾದವು. ಕೆಲಸ ಕಳೆದುಕೊಂಡು ಅಲೆಯುವವರು ಎಲ್ಲೆಲ್ಲೂ ಇದ್ದರು. ಬಾಗಿಲು ತಟ್ಟುವ ಅಪರಿಚಿತನನ್ನು ಜನ ಅನುಮಾನದಿಂದ ನೋಡುವ ಕಾಲ.

ಕೆಲವು ದಿನ ಮೇಳ ನೋಡಿದ ಮೇಲೆ ಸ್ವಾಮೀಜಿ ಮಾಹಿತಿ ಕಚೇರಿಗೆ ಹೋಗಿ ಸಮ್ಮೇಳನದ ಬಗ್ಗೆ ವಿಚಾರಿಸಿದರು. ಮೂರು ಆಘಾತಗಳು ಒಟ್ಟಿಗೆ ಬಂದವು. ಸಮ್ಮೇಳನ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಯಾವುದಾದರೂ ಸಂಸ್ಥೆಯ ಪರಿಚಯ ಪತ್ರವಿಲ್ಲದೆ ಪ್ರತಿನಿಧಿಯಾಗುವಂತಿಲ್ಲ. ಪತ್ರವಿದ್ದರೂ ಹೆಸರು ನೋಂದಾಯಿಸುವ ಕಾಲ ಮುಗಿದಿದೆ. ಮದ್ರಾಸಿನ ಯಾರಿಗೂ ಈ ವಿವರಗಳನ್ನು ವಿಚಾರಿಸಬೇಕೆಂದು ಹೊಳೆದಿರಲಿಲ್ಲ. ಕಳಿಸುವವರ ಭಕ್ತಿ ದೊಡ್ಡದಾಗಿತ್ತು, ಪ್ಲಾನಿಂಗ್ ಮಾತ್ರ ಸೊನ್ನೆ!

ಕೈಯಲ್ಲಿದ್ದದ್ದು ಸುಮಾರು 180 ಪೌಂಡು. ದಿನಕ್ಕೆ ಸರಾಸರಿ ಒಂದು ಪೌಂಡು, ಅಂದರೆ ಸುಮಾರು ಐದು ಡಾಲರು, ಖರ್ಚು. ಆಗಸ್ಟ್ 20ರಂದು ಅಳಸಿಂಗರಿಗೆ ಬರೆದ ಪತ್ರದಲ್ಲಿ 130 ಪೌಂಡು ಉಳಿದಿದೆಯೆಂಬ ಲೆಕ್ಕ ಕೊಟ್ಟಿದ್ದಾರೆ. ಚಳಿಗಾಲ ಬರುವ ಮುಂಚೆ ಬೆಚ್ಚನೆಯ ಬಟ್ಟೆಯೂ ಆಗಬೇಕು. ವಾಪಸು ಹೋಗಿಬಿಡೋಣ ಎಂಬ ಯೋಚನೆಯೂ ಅವರಿಗೆ ಬಂದಿತ್ತು. ಆದರೆ ಪೂರ್ತಿ ಪ್ರಯತ್ನ ಮಾಡದೆ ಹಿಂತಿರುಗುವುದಿಲ್ಲ ಎಂದು ನಿಶ್ಚಯಿಸಿದರು.

ರೈಲಿನ ಪರಿಚಯ

ಬಾಸ್ಟನ್ನಿನಲ್ಲಿ ಖರ್ಚು ಕಡಿಮೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೊರಟರು. ಇಷ್ಟರಲ್ಲಿ ರೈಲಿನಲ್ಲಿ ಪರಿಚಯವಾಗಿದ್ದ ಕೇಟ್ ಸ್ಯಾನ್‌ಬಾರ್ನ್ ಎಂಬ ಲೇಖಕಿ ತಮ್ಮ ವಿಳಾಸ ಕೊಟ್ಟು, ಬಂದಾಗ ಮನೆಗೆ ಬನ್ನಿ ಎಂದಿದ್ದರು. ಮ್ಯಾಸಚೂಸೆಟ್ಸ್‌ನ ಮೆಟ್‌ಕಾಫ್ ಬಳಿ 'ಬ್ರೀಜಿ ಮೆಡೋಸ್' ಎಂಬ ಹೊಲದ ಮನೆ ಅವರದು. ಆಕೆಗೆ ಇವರು ಭಾರತದ ಒಂದು ವಿಚಿತ್ರ, ನೆರೆಹೊರೆಯವರಿಗೆ ತೋರಿಸಬಹುದಾದ ಅತಿಥಿ. ಇವರಿಗೆ ಉಳಿದದ್ದು ದಿನಕ್ಕೆ ಒಂದು ಪೌಂಡು. ಇದರಲ್ಲಿ ಬೇಸರವಿಲ್ಲದೆ, ಇರುವ ವಿಷಯವನ್ನು ಹಾಗೆಯೇ ಅಳಸಿಂಗರಿಗೆ ಬರೆದರು.

ಆ ಮನೆಯಿಂದಲೇ ಮುಂದಿನ ಬಾಗಿಲು ತೆರೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರು ಸ್ವಾಮೀಜಿಯ ವಿಷಯ ತಿಳಿದು, ಆಗಸ್ಟ್ ಕೊನೆಯಲ್ಲಿ ತಾವು ರಜೆ ಕಳೆಯುತ್ತಿದ್ದ ಆನಿಸ್ಕ್ವಾಮ್ ಎಂಬ ಕಡಲ ತೀರದ ಊರಿಗೆ ಕರೆಸಿಕೊಂಡರು. ಗಂಟೆಗಟ್ಟಲೆ ಮಾತಾಯಿತು. ಸಮ್ಮೇಳನಕ್ಕೆ ಹೋಗಲೇಬೇಕೆಂದು ಒತ್ತಾಯಿಸಿದವರು ಅವರೇ. ಪರಿಚಯ ಪತ್ರವಿಲ್ಲ ಎಂದಾಗ, ಪ್ರತಿನಿಧಿಗಳನ್ನು ಆರಿಸುವ ಸಮಿತಿಯವರಿಗೆ ತಾವೇ ಪತ್ರ ಬರೆದರು, ಶಿಕಾಗೋಗೆ ಟಿಕೇಟನ್ನೂ ಕೊಡಿಸಿದರು. ಸಮಿತಿಯ ವಿಳಾಸ ಬರೆದ ಚೀಟಿಯನ್ನು ಕೈಗಿತ್ತರು.

ಯಾರ್ಡಿನ ರಾತ್ರಿ

ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಶಿಕಾಗೋ ರೈಲು. ದಾರಿಯಲ್ಲಿ ವ್ಯಾಪಾರಿಯೊಬ್ಬ ಪರಿಚಯವಾಗಿ, ಇಳಿದ ಮೇಲೆ ಎಲ್ಲಿಗೆ ಹೇಗೆ ಹೋಗಬೇಕೆಂದು ತೋರಿಸಿಕೊಡುತ್ತೇನೆ ಎಂದಿದ್ದ. ಶಿಕಾಗೋ ಬಂದಾಗ ಅವನಿಗೆ ತನ್ನ ಅವಸರ, ಹೇಳದೆ ಹೊರಟುಹೋದ. ಸ್ವಾಮೀಜಿ ಜೇಬು ತಡಕಿದರೆ ವಿಳಾಸದ ಚೀಟಿ ಇಲ್ಲ!

ಸಂಜೆಯಾಗುತ್ತಿತ್ತು. ಅವರು ಇಳಿದದ್ದು ಊರಿನ ಈಶಾನ್ಯ ಭಾಗದಲ್ಲಿ, ಜರ್ಮನ್ ಮಾತಾಡುವ ಜನ ಹೆಚ್ಚಾಗಿದ್ದ ಕಡೆ. ಕೇಳಿದರೆ ಇವರ ಇಂಗ್ಲಿಷ್ ಅವರಿಗೆ ತಿಳಿಯದು. ಕೆಲವರು ಮೈಬಣ್ಣ ನೋಡಿ ಮುಖ ತಿರುಗಿಸಿದರು. ಹೋಟೆಲಿಗೆ ದಾರಿ ಹೇಳುವವರೂ ಇಲ್ಲ. ಕತ್ತಲಾಯಿತು, ಚಳಿ ಹಿಡಿಯಿತು. ಕೊನೆಗೆ ಸರಕು ರೈಲುಗಳ ಯಾರ್ಡಿಗೆ ಬಂದು, ಅಲ್ಲಿದ್ದ ಖಾಲಿ ಡಬ್ಬಿಯೊಳಗೆ ಮಲಗಿದರು. ಅದು ಗೂಡ್ಸ್ ಗಾಡಿಯ ಡಬ್ಬಿಯೆಂದು ಕೆಲವರು, ದೊಡ್ಡ ಮರದ ಪೆಟ್ಟಿಗೆಯೆಂದು ಕೆಲವರು ಬರೆದಿದ್ದಾರೆ. ಯಾವುದಾದರೂ ಚಳಿಗೆ ವ್ಯತ್ಯಾಸವೇನಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಮೈಸೂರು ಅರಮನೆಯ ಅತಿಥಿ, ಹಡಗಿನ ಮೊದಲ ದರ್ಜೆಯ ಪ್ರಯಾಣಿಕ, ಹಾರ್ವರ್ಡ್ ಪ್ರಾಧ್ಯಾಪಕರು ಮೆಚ್ಚಿದ ಪಂಡಿತ. ಒಂದು ಚೀಟಿ ಕಳೆದುಹೋದ ಕೂಡಲೇ ಆ ಊರಿನ ಕಣ್ಣಿಗೆ ಮನೆಯಿಲ್ಲದ ಅಲೆಮಾರಿ. ವ್ಯಕ್ತಿ ಬದಲಾಗಿರಲಿಲ್ಲ, ಗುರುತಿಸುವವರು ಇರಲಿಲ್ಲ ಅಷ್ಟೆ. ಹೊಸ ದೇಶಕ್ಕೆ ಬಂದವರಿಗೆ ಈ ಅನುಭವ ಸಣ್ಣ ಪ್ರಮಾಣದಲ್ಲಾದರೂ ಆಗಿಯೇ ಇರುತ್ತದೆ. ಊರಿನಲ್ಲಿ ಹತ್ತು ಜನ ನಮಸ್ಕರಿಸುವ ಮನೆತನದವರು ಇಲ್ಲಿ ಬಸ್ಸಿಲ್ಲದ ರಸ್ತೆಯ ಪಕ್ಕ ಚೀಲ ಹಿಡಿದು ನಡೆಯುವಾಗ, ಪಕ್ಕದಲ್ಲಿ ಹಾದುಹೋಗುವ ಕಾರಿನವರಿಗೆ ಅದು ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಎದ್ದು, ತಣ್ಣನೆಯ ನೀರಿನ ವಾಸನೆ ಬಂದ ದಿಕ್ಕಿಗೆ ನಡೆದರು. ಮಿಷಿಗನ್ ಸರೋವರದ ದಂಡೆಯ ಲೇಕ್ ಶೋರ್ ಡ್ರೈವ್, ಕೋಟ್ಯಧಿಪತಿಗಳ ಬಂಗಲೆಗಳಿದ್ದ ಬೀದಿ. ಹಸಿವಾಗಿತ್ತು. ಸಂನ್ಯಾಸಿಗೆ ಭಿಕ್ಷೆ ಕೇಳುವುದು ಧರ್ಮ. ನಮ್ಮೂರಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಅದೇ ರೀತಿ ಮನೆಮನೆಗೆ ಹೋಗಿ ಊಟ ಕೇಳಿದರು, ಸಮ್ಮೇಳನದ ಕಚೇರಿಗೆ ದಾರಿ ಕೇಳಿದರು. ಕೊಳೆಯಾದ ಬಟ್ಟೆ, ಕ್ಷೌರವಿಲ್ಲದ ಮುಖ ನೋಡಿ ಆಳುಗಳು ಬೈದು ಅಟ್ಟಿದರು. ಕೆಲವರು ಮುಖಕ್ಕೇ ಬಾಗಿಲು ಹಾಕಿದರು. ಆಗಿನ್ನೂ ಊರಿನ ಡೈರೆಕ್ಟರಿ, ಟೆಲಿಫೋನು ಇವುಗಳ ಬಳಕೆ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ನಡೆಯಲಾರದೆ, ದೈವಚಿತ್ತ ಎಂದು ರಸ್ತೆಯ ಬದಿಯಲ್ಲೇ ಕುಳಿತುಬಿಟ್ಟರು.

ಎದುರು ಮನೆಯ ಬಾಗಿಲು ತೆರೆಯಿತು. ಮನೆಯೊಡತಿ ರಸ್ತೆ ದಾಟಿ ಬಂದು, ಮೃದುವಾಗಿ, ತಾವು ಸರ್ವಧರ್ಮ ಸಮ್ಮೇಳನದ ಪ್ರತಿನಿಧಿಗಳೇ ಎಂದು ವಿಚಾರಿಸಿದರು. ಅವರೇ 541 ಡಿಯರ್‌ಬಾರ್ನ್ ಅವೆನ್ಯೂ ಮನೆಯ ಎಲೆನ್ ಹೇಲ್, ಜಾರ್ಜ್ ಹೇಲ್ ಎಂಬುವರ ಪತ್ನಿ. ಸ್ವಾಮೀಜಿ ತಮ್ಮ ಕಷ್ಟ ಹೇಳಿಕೊಂಡರು. ಒಳಗೆ ಕರೆದು, ಕೋಣೆ ಕೊಟ್ಟು, ಸ್ನಾನ ತಿಂಡಿಗಳಾದ ಮೇಲೆ ಆ ತಾಯಿ ತಾವೇ ಜೊತೆಗೆ ಹೋಗಿ ಸಮ್ಮೇಳನದ ಕಚೇರಿಗೆ ಮುಟ್ಟಿಸಿದರು. ದಾರಿ ಹೇಳಿ ಕಳಿಸಲಿಲ್ಲ, ಜೊತೆಗೇ ಹೋದರು! ಪ್ರತಿನಿಧಿಯಾಗಿ ಅವರ ಹೆಸರು ಸೇರಿತು. ಮುಂದೆ ಹೇಲ್ ದಂಪತಿಗಳ ಮನೆಯೇ ಅಮೆರಿಕದಲ್ಲಿ ಅವರಿಗೆ ತವರುಮನೆಯಂತಾಯಿತು.

ಸೆಪ್ಟೆಂಬರ್ 11, ಸೋಮವಾರ. ಕೊಲಂಬಸ್ ಸಭಾಂಗಣದಲ್ಲಿ ಸಾವಿರಾರು ಜನ. ಬೆಳಗ್ಗೆಯಿಂದ ಕರೆದಾಗಲೆಲ್ಲ ಆಮೇಲೆ ಎಂದು ಮುಂದೂಡುತ್ತ, ಮಧ್ಯಾಹ್ನದ ಮೇಲೆ ಎದ್ದು ನಿಂತರು. ಉಳಿದದ್ದು ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 27ರಂದು ಸಮ್ಮೇಳನ ಮುಗಿಯುವ ಹೊತ್ತಿಗೆ ಯಾರ್ಡಿನಲ್ಲಿ ಮಲಗಿದ್ದವರ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಇತ್ತು.

ರೈಲು ಡಬ್ಬಿಯ ಗೆಳೆಯ

ಕೀರ್ತಿ ಬಂದ ಮೇಲೆ ಪ್ರಯಾಣ ಸುಲಭವಾಯಿತೆಂದು ತಿಳಿಯಬೇಡಿ. ಉಪನ್ಯಾಸ ಏರ್ಪಡಿಸುವ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಆ ಚಳಿಗಾಲವೆಲ್ಲ ಮಿನಿಯಾಪೊಲಿಸ್, ಡೆಮಾಯ್ನ್, ಮೆಂಫಿಸ್, ಡೆಟ್ರಾಯಿಟ್ ಎಂದು ರೈಲಿನಲ್ಲೇ ಓಡಾಟ. ಬರುವ ಹಣದಲ್ಲಿ ಅವರಿಗೆ ಸಿಗುತ್ತಿದ್ದದ್ದು ಚೂರು. 1894ರಲ್ಲಿ ಗೆಳೆಯರ ಸಹಾಯದಿಂದ, ನಷ್ಟ ಮಾಡಿಕೊಂಡೇ, ಆ ಒಪ್ಪಂದದಿಂದ ಬಿಡಿಸಿಕೊಂಡರು.

ದಕ್ಷಿಣದ ಊರುಗಳಲ್ಲಿ ಅವರನ್ನು ಕಪ್ಪು ಜನಾಂಗದವರೆಂದು ತಿಳಿದು ಹೋಟೆಲುಗಳಲ್ಲಿ ಒಳಗೆ ಬಿಡದ ಪ್ರಸಂಗಗಳು ನಡೆದವು. ನಾನು ಭಾರತೀಯ ಎಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಅವರು ಹೇಳಲಿಲ್ಲ. ಇನ್ನೊಬ್ಬರನ್ನು ಕೀಳು ಮಾಡಿ ತಾನು ಮೇಲೇರುವುದು ಅವರಿಗೆ ಬೇಡವಾಗಿತ್ತು. ಒಮ್ಮೆ ಕಪ್ಪು ಜನಾಂಗದ ರೈಲ್ವೆ ಪೋರ್ಟರ್ ಒಬ್ಬ ಹತ್ತಿರ ಬಂದು, ತನ್ನವರಲ್ಲೊಬ್ಬ ಇಷ್ಟು ದೊಡ್ಡವನಾದನೆಂದು ಕೇಳಿದ್ದೇನೆ, ಕೈಕುಲುಕಬೇಕು ಎಂದ. ಸ್ವಾಮೀಜಿ ತಿದ್ದಲಿಲ್ಲ. ಅವನ ಕೈಹಿಡಿದು ಸಹೋದರನೆಂದು ಕರೆದು ಕೃತಜ್ಞತೆ ಹೇಳಿದರು. ಅವರ ಜೀವನದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಘಟನೆಗಳಲ್ಲಿ ಇದೂ ಒಂದು. ಸಭೆಯಲ್ಲಿ ಎಲ್ಲರನ್ನೂ ಸೋದರರೆಂದು ಕರೆಯುವುದು ಒಂದು ತೂಕ. ಯಾರೂ ನೋಡದ ರೈಲಿನಲ್ಲಿ ಅದರಂತೆ ನಡೆದುಕೊಳ್ಳುವುದು ಇನ್ನೊಂದು ತೂಕ.

ಹಿಂತಿರುಗಿದಾಗ

1897ರ ಜನವರಿ 15ರಂದು ಕೊಲಂಬೋದಲ್ಲಿ ಇಳಿದಾಗ ಜನಸಾಗರವೇ ಕಾದಿತ್ತು. ಆದರೆ ಗಾಡಿಗಳ ಕಾಟ ತಪ್ಪಲಿಲ್ಲ. ದಂಬುಲ್ಲದಿಂದ ಅನುರಾಧಪುರದ ಕಡೆಗೆ ಹೋಗುವಾಗ ಇಳಿಜಾರಿನಲ್ಲಿ ಕುದುರೆ ಗಾಡಿಯ ಮುಂದಿನ ಚಕ್ರ ಮುರಿಯಿತು. ಗಂಟೆಗಟ್ಟಲೆ ರಸ್ತೆಯ ಬದಿಯಲ್ಲಿ ಕಾದು, ಕೊನೆಗೆ ರಾತ್ರಿ ಎತ್ತಿನ ಗಾಡಿಗಳಲ್ಲಿ ಮುಂದೆ ಸಾಗಿದರು. ಜಗತ್ತು ಗೆದ್ದು ಬಂದವರಿಗೂ ಚಕ್ರ ಮುರಿದರೆ ಎತ್ತಿನ ಗಾಡಿಯೇ ಗತಿ!

ರಾಮನಾಡಿನಲ್ಲಿ ರಾಜರೇ ಅವರ ರಥ ಎಳೆದರು. ಮದ್ರಾಸಿಗೆ ಬರುವ ದಾರಿಯಲ್ಲಿ ರೈಲು ನಿಲ್ಲದ ಒಂದು ಸಣ್ಣ ಸ್ಟೇಷನ್ನಿನಲ್ಲಿ ನೂರಾರು ಜನ ಸೇರಿದ್ದರು. ಎಷ್ಟು ಬೇಡಿಕೊಂಡರೂ ಸ್ಟೇಷನ್ ಮಾಸ್ಟರ್ ಗಾಡಿ ನಿಲ್ಲಿಸಲು ಒಪ್ಪದಿದ್ದಾಗ ಜನ ಹಳಿಯ ಮೇಲೆಯೇ ಮಲಗಿಬಿಟ್ಟರು. ಗಾರ್ಡ್ ಪರಿಸ್ಥಿತಿ ತಿಳಿದು ರೈಲು ನಿಲ್ಲಿಸಿದ. ಮೂರೂವರೆ ವರ್ಷದ ಹಿಂದೆ ರೈಲ್ವೆ ಯಾರ್ಡಿನಲ್ಲಿ ಯಾರಿಗೂ ಬೇಡವಾಗಿ ಮಲಗಿದ್ದವರು, ಈಗ ಅವರ ಮುಖ ನೋಡಲು ಹಳಿಯ ಮೇಲೆ ಮಲಗುವ ಜನ. ಮದ್ರಾಸಿನಲ್ಲಿ ಕುದುರೆ ಬಿಚ್ಚಿ ಜನರೇ ಗಾಡಿ ಎಳೆದರು. ಆ ಸಂಭ್ರಮದ ನಡುವೆ ಅಳಸಿಂಗರೂ ಇದ್ದರು. ಚಾಮರಾಜೇಂದ್ರ ಒಡೆಯರು ಮಾತ್ರ ಇದನ್ನು ನೋಡಲು ಇರಲಿಲ್ಲ. 1894ರ ಡಿಸೆಂಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು.

ಆ ಪ್ರಯಾಣದ ಇನ್ನೊಂದು ಫಲ ನಮ್ಮ ಬೆಂಗಳೂರಿನಲ್ಲೇ ಇದೆ. ಹಡಗಿನಲ್ಲಿ ಆಡಿದ ಮಾತುಗಳನ್ನು ನೆನೆದು ಟಾಟಾ ಅವರು 1898ರಲ್ಲಿ ಸ್ವಾಮೀಜಿಗೆ ಪತ್ರ ಬರೆದು, ತಾವು ಸ್ಥಾಪಿಸಬೇಕೆಂದಿರುವ ವಿಜ್ಞಾನ ಸಂಸ್ಥೆಗೆ ಬೆಂಬಲ ಕೇಳಿದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಹುಟ್ಟಿದ ಅದೇ ಭಾರತೀಯ ವಿಜ್ಞಾನ ಸಂಸ್ಥೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬಸ್ಸಿನಲ್ಲಿ ಟಿಕೇಟು ಕೇಳುತ್ತಿದ್ದ ಜಾಗ.

1897ರ ಮೇ 1ರಂದು ರಾಮಕೃಷ್ಣ ಮಿಷನ್ ಸ್ಥಾಪನೆಯಾಯಿತು. 1899ರಲ್ಲಿ ಮತ್ತೊಮ್ಮೆ ಪಶ್ಚಿಮಕ್ಕೆ ಹೋಗಿ, 1900ರ ಡಿಸೆಂಬರ್ 9ರ ರಾತ್ರಿ ಯಾರಿಗೂ ತಿಳಿಸದೆ ಬೇಲೂರು ಮಠಕ್ಕೆ ಬಂದರು. ಗೇಟಿಗೆ ಬೀಗ. ಒಳಗೆ ಊಟದ ಗಂಟೆ ಕೇಳಿಸಿತು. ತಡವಾದರೆ ಊಟ ತೀರಿಹೋಗುತ್ತದೆಂದು ಗೇಟು ಹಾರಿ ಒಳಗೆ ಬಂದು ಎಲ್ಲರನ್ನೂ ನಗಿಸಿ ಕಿಚಡಿ ಉಂಡರು. ಮೂರು ವಾರದೊಳಗೇ, ಮಾಯಾವತಿಯಲ್ಲಿ ಗಂಡನನ್ನು ಕಳೆದುಕೊಂಡಿದ್ದ ಶಿಷ್ಯೆ ಶ್ರೀಮತಿ ಸೇವಿಯರ್ ಅವರಿಗೆ ಸಮಾಧಾನ ಹೇಳಲು ಹಿಮಾಲಯಕ್ಕೆ ಹೊರಟರು. ಕಾಠಗೋದಾಮಿನಲ್ಲಿ ರೈಲು ಮುಗಿದ ಮೇಲೆ ಹಿಮದ ಬಿರುಗಾಳಿಯಲ್ಲಿ ಬೆಟ್ಟದ ಹಾದಿ. ಆರೋಗ್ಯ ಕೆಟ್ಟಿದ್ದರೂ 1901ರ ಜನವರಿ 3ರಂದು ತಲುಪಿದರು. 1902ರ ಜುಲೈ 4ರಂದು ಬೇಲೂರಿನಲ್ಲಿ ದೇಹ ಬಿಟ್ಟಾಗ ಅವರಿಗೆ ಮೂವತ್ತೊಂಬತ್ತೇ ವರ್ಷ.

ನಮ್ಮ ಪಾಲಿನ ಕೆಲಸ

ಶಿಕಾಗೋ ಭಾಷಣದ ಯಶಸ್ಸಿಗೆ ಸ್ವಾಮೀಜಿಯವರ ವಿದ್ಯೆ, ತಪಸ್ಸು, ಗುರುಕೃಪೆ ಕಾರಣ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಆ ವೇದಿಕೆಯವರೆಗೆ ಮುಟ್ಟಿಸಿದವರ ಪಟ್ಟಿಯನ್ನೂ ಮಾಡಿ ನೋಡಿ. ಟಿಕೇಟು ಕೊಡಿಸಿದ ಮೈಸೂರಿನವರು, ಮನೆಮನೆ ಬೇಡಿದ ಚಿಕ್ಕಮಗಳೂರಿನ ಮೇಷ್ಟರು, ಖೇತ್ರಿಯ ಮುನ್ಷಿ, ರೈಲಿನಲ್ಲಿ ವಿಳಾಸ ಕೊಟ್ಟ ಲೇಖಕಿ, ಪತ್ರ ಬರೆದ ಪ್ರಾಧ್ಯಾಪಕರು, ರಸ್ತೆ ದಾಟಿ ಬಂದ ಗೃಹಿಣಿ. ಇವರಲ್ಲಿ ಯಾರೊಬ್ಬರು ತಪ್ಪಿದ್ದರೂ ಸರಪಳಿ ಕಡಿದುಹೋಗುತ್ತಿತ್ತು. ತಾವು ಮಾಡುತ್ತಿರುವುದು ಚರಿತ್ರೆಗೆ ಸೇರುತ್ತದೆಂದು ಎಲೆನ್ ಹೇಲ್ ಅವರಿಗೆ ಆ ಬೆಳಿಗ್ಗೆ ಗೊತ್ತಿರಲಿಲ್ಲ. ಎದುರಿಗೆ ಒಬ್ಬ ಸುಸ್ತಾದ ಮನುಷ್ಯ ಕುಳಿತಿದ್ದ, ಅಷ್ಟೇ.

ಈ ಊರುಗಳಿಗೆ ಪ್ರತಿ ತಿಂಗಳೂ ಹೊಸಬರು ಬರುತ್ತಾರೆ. ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು, ಮಗಳ ಬಾಣಂತನಕ್ಕೆಂದು ಬಂದು ಮನೆಯಿಂದ ಹೊರಗೆ ಕಾಲಿಡಲು ದಾರಿಯಿಲ್ಲದ ತಾಯಂದಿರು. ಈಗ ಫೋನಿನಲ್ಲೇ ಮ್ಯಾಪು, ಫೋನಿನಲ್ಲೇ ಟ್ಯಾಕ್ಸಿ ಇದೆ, ನಿಜ. ಆದರೂ ದುಡ್ಡು ಎಣಿಸಿ ಖರ್ಚು ಮಾಡುವ ಮೊದಲ ತಿಂಗಳಲ್ಲಿ ಪ್ರತಿ ಸಲ ಟ್ಯಾಕ್ಸಿ ಹತ್ತಲು ಆಗುವುದಿಲ್ಲ. ಪೂಜೆ ಮುಗಿದು ಪ್ರಸಾದ ತೆಗೆದುಕೊಂಡು ಹೊರಡುವಾಗ, ಚಪ್ಪಲಿ ಬಿಡುವ ಜಾಗದ ಬಳಿ ಯಾರಾದರೂ ಫೋನು ನೋಡುತ್ತ ನಿಂತಿದ್ದರೆ, ಹೇಗೆ ಹೋಗುತ್ತೀರಿ, ಎಲ್ಲಿ ಮನೆ ಎಂದು ಕೇಳಿ. ನಿಮ್ಮ ದಾರಿಯಲ್ಲೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಟೆಕ್ಸಸ್‌ನಲ್ಲಿ ಹದಿನೈದು ಮೈಲಿ ದೂರವೇನೂ ಅಲ್ಲ.